ಖಾಯಂ ಅಂದರೆ ಎಷ್ಟು ದಿನ?

"ಟೀಚರ್, ನೀವು ಅಮೆರಿಕಾದಾಗ ಪರ್ಮನೆಂಟ್ ಆದಿರಂತ, ಖರೇ ಏನ್ರಿ?"

ಗುಂಡಗುರ್ತಿಯಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಹಾಲು ತರುವ ಹುಡುಗನೂ ಕೇಳಿದ್ದಾನೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರೂ ಕೇಳಿದ್ದಾರೆ. ನಮ್ಮ ಕಡೆ 'ಪರ್ಮನೆಂಟ್' ಎಂಬ ಮಾತಿಗೆ ದೊಡ್ಡ ತೂಕವಿದೆ. ನಾನು ಟೆಂಪರರಿ ಟೀಚರಾಗಿ ವರ್ಷಗಟ್ಟಲೆ ಕಾದವಳು. ಖಾಯಂ ಆದ ಆರ್ಡರು ಕೈಗೆ ಬಂದ ದಿನ ನಮ್ಮ ಮನೆಯವರು ಓಣಿಗೆಲ್ಲ ಪೇಡೆ ಹಂಚಿದ್ದರು. ಆಮೇಲೆ ಪೆನ್ಷನ್ ಬರುವ ತನಕ ನನ್ನನ್ನು ಯಾರೂ ಅಲುಗಾಡಿಸಲಿಲ್ಲ. ಅಮೆರಿಕದ ಪರ್ಮನೆಂಟೂ ಹಾಗೇ ಇರಬೇಕೆಂದು ಊರವರು ತಿಳಿದಿದ್ದಾರೆ.

ಅದು ಹಾಗಿಲ್ಲ. ಅಲ್ಲಿನ ಖಾಯಂ ಎಂದರೆ, ಅಲ್ಲಿ ಇರುವಷ್ಟು ದಿನ ಖಾಯಂ. ಬಿಟ್ಟು ಬಂದು ಬಹಳ ದಿನ ಹೊರಗೇ ಉಳಿದರೆ, ಕೈಯಲ್ಲಿ ಕಾರ್ಡು ಇದ್ದೂ ಅದರ ಜೀವ ಹೋಗಿರುತ್ತದೆ. ಈ ಪತ್ರಿಕೆ ಓದುವ ನನ್ನ ವಯಸ್ಸಿನವರಲ್ಲಿ ಅನೇಕರ ಮಕ್ಕಳು ಹೊರದೇಶದಲ್ಲಿದ್ದಾರೆ. ಓದುವ ಮಕ್ಕಳಲ್ಲಿ ಕೆಲವರ ಅಜ್ಜಿ, ತಾತ ಹೀಗೆ ಹೋಗಿಬರುತ್ತಿರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗ ಶಿಕಾಗೋ ಹತ್ತಿರ ಇದ್ದಾನೆ. ಅವನು ಅಲ್ಲಿನ ನಾಗರಿಕನಾದ ಮೇಲೆ ನನಗಾಗಿ ಅರ್ಜಿ ಹಾಕಿದ. ಇಪ್ಪತ್ತೊಂದು ವರ್ಷ ದಾಟಿದ ನಾಗರಿಕ ತನ್ನ ತಂದೆತಾಯಿಗೆ ಹೀಗೆ ಅರ್ಜಿ ಹಾಕಬಹುದು. ನಮ್ಮ ಮನೆಯವರು ಮಾತ್ರ, "ನನಗ ತೊಗರಿ ಹೊಲ ಅದ, ನನಗ್ಯಾಕ ಕಾರ್ಡು?" ಎಂದು ಕೈ ಆಡಿಸಿಬಿಟ್ಟರು. ಆಗ ಮೊಮ್ಮಗ ಕೈಗೂಸು, ಸೊಸೆಗೆ ಕೆಲಸ. ನಾನು ಹೋದೆ.

ಗ್ರೀನ್ ಕಾರ್ಡ್ ಎಂದು ಎಲ್ಲರೂ ಕರೆಯುವ ಆ ಕಾರ್ಡು ನಮ್ಮ ಆಧಾರ್ ಕಾರ್ಡಿನಷ್ಟೇ ಇದೆ. ಮಕ್ಕಳೇ, ಅದಕ್ಕೆ ಆ ಹೆಸರು ಬಂದದ್ದು 1940ರ ದಶಕದಲ್ಲಿ ಅದರ ಬಣ್ಣ ಹಸಿರಾಗಿದ್ದ ಕಾರಣಕ್ಕೆ. 1964ರಲ್ಲಿ ಬಣ್ಣ ಬದಲಾಯಿತು. ಆಮೇಲೆ ಎಷ್ಟೋ ವರ್ಷ ಬೇರೆ ಬೇರೆ ಬಣ್ಣದಲ್ಲಿ ಬಂದರೂ ಜನ ಗ್ರೀನ್ ಕಾರ್ಡ್ ಎನ್ನುವುದನ್ನು ಬಿಡಲಿಲ್ಲ. ಕೊನೆಗೆ 2010ರಲ್ಲಿ ಸರಕಾರವೇ ಸೋತು ಮತ್ತೆ ಹಸಿರು ಮಾಡಿತು. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಹದಿನೆಂಟು ದಾಟಿದವರು ಅಲ್ಲಿದ್ದಾಗ ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಕಾನೂನು. ನಾನು ತರಕಾರಿ ತರಲು ಹೋದಾಗಲೂ ಸೆರಗಿನ ಗಂಟಿನ ಬದಲು ಒಂದು ಸಣ್ಣ ಪರ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ.

ಕಾರ್ಡು ಬಂದಿತೆಂದು ನಾನು ಅಮೆರಿಕದವಳಾಗಲಿಲ್ಲ. ಇದನ್ನು ಊರಲ್ಲಿ ತಿಳಿಸಿ ಹೇಳುವುದೇ ಕಷ್ಟ. ನನ್ನ ಪಾಸ್‌ಪೋರ್ಟು ಭಾರತದ್ದೇ, ಓಟೂ ಇಲ್ಲಿಯದೇ. ಪಾಸ್‌ಪೋರ್ಟು ನಾನು ಯಾವ ದೇಶದವಳು ಎಂದು ಹೇಳುತ್ತದೆ. ಕಾರ್ಡು ನಾನು ಎಲ್ಲಿ ವಾಸವಾಗಿದ್ದೇನೆ ಎಂದು ಹೇಳುತ್ತದೆ. ಪ್ರಯಾಣದಲ್ಲಿ ಎರಡೂ ಬೇಕು. ಭಾರತ ಬಿಡಲು, ನಡುವಿನ ದೇಶ ದಾಟಲು, ಮರಳಿ ಬರಲು ಪಾಸ್‌ಪೋರ್ಟು. ಅಮೆರಿಕದ ಬಾಗಿಲಲ್ಲಿ ಕಾರ್ಡು. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ಕೌಂಟರಿನಲ್ಲೇ ಎರಡನ್ನೂ ಕೇಳುತ್ತಾರೆ. ಒಂದು ಇಲ್ಲವೆಂದರೆ ಪೆಟ್ಟಿಗೆ ತೂಕಕ್ಕೂ ಹಾಕುವುದಿಲ್ಲ.

ಎರಡರಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮ ಭಾಗದವರಿಗೆ ಇಲ್ಲೇ ತಾಪತ್ರಯ. ನಮ್ಮಲ್ಲಿ ಊರೇ ಅಡ್ಡಹೆಸರು. ಗುಂಡಗುರ್ತಿ, ಮಳಖೇಡ, ತೆಂಗಳಿ, ಹೀಗೆ. ಹಳೆಯ ಕಾಲದವರ ಕಾಗದಗಳಲ್ಲಿ ಒಂದು ಕಡೆ ಅಡ್ಡಹೆಸರು ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಇರುವ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಮಗನ ಪರಿಚಯದ ಹಿರಿಯರೊಬ್ಬರನ್ನು ಅಲ್ಲಿನ ದವಾಖಾನೆಯಲ್ಲಿ "ಮಿಸ್ಟರ್ ಫನೂ" ಎಂದು ಕೂಗಿ ಕರೆದರಂತೆ. ಅವರು ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನೆ ಕೂತಿದ್ದರು. ಮೊದಲ ಪಾಸ್‌ಪೋರ್ಟು ಮಾಡಿಸುವಾಗಲೇ ಎರಡೂ ಜಾಗ ತುಂಬಿಸಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಊರು ಬಿಟ್ಟು ಹೋಗುವುದಕ್ಕೆ, ಬರುವುದಕ್ಕೆ ಕಾಗದ ಕೇಳುವುದು ನಮ್ಮ ಕಡೆಗೆ ಹೊಸದೇನಲ್ಲ. ನಮ್ಮ ತಂದೆ ನಿಜಾಮರ ಕಾಲದ ಶಾಲಾ ಮಾಸ್ತರರು. ಆಗ ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಕ್ಕದ ಸೋಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದ್ದು. ಸೋಲಾಪುರದಿಂದ ಚಾದರ ತಂದರೆ ಗಡಿಯಲ್ಲಿ ಕರೋಡಗಿರಿ ಎಂಬ ಸುಂಕ ಕಟ್ಟಬೇಕಿತ್ತು. ರೊಕ್ಕವೂ ಬೇರೆ, ಇಲ್ಲಿ ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ್. ನಮ್ಮ ವಾಡಿ ಜಂಕ್ಷನ್ನಿದೆಯಲ್ಲ, 1874ರಲ್ಲಿ ಸಿಕಂದರಾಬಾದಿನ ಗಾಡಿ ಅಲ್ಲಿಗೆ ಬರತೊಡಗಿದಾಗಿನಿಂದ ಅದು ಎರಡು ಕಂಪನಿಗಳ ರೈಲು ಕೂಡುವ ಜಾಗ. ಮುಂಬಯಿ ಕಡೆಯದು ಒಂದು, ನಿಜಾಮರದು ಒಂದು. ಈಗ ಅಲ್ಲಿ ಸಿಮೆಂಟಿನ ಧೂಳು ಹೊಡೆದುಕೊಳ್ಳುತ್ತ ನಿಲ್ಲುವ ನಮಗೆ ಅದು ನೆನಪಾಗುವುದಿಲ್ಲ.

ಆ ಸಂಸ್ಥಾನದಲ್ಲಿ ಸರಕಾರಿ ನೌಕರಿ ಬೇಕಾದರೆ 'ಮುಲ್ಕಿ' ಆಗಿರಬೇಕಿತ್ತು. ಮುಲ್ಕಿ ಎಂದರೆ ಈ ನಾಡಿನವನು. ಇಲ್ಲಿ ಹುಟ್ಟಿದವರು ಸರಿ. ಹೊರಗಿನಿಂದ ಬಂದವರಿಗೆ 1919ರ ಫರ್ಮಾನಿನಲ್ಲಿ ಒಂದು ದಾರಿ ಇತ್ತು. ಹದಿನೈದು ವರ್ಷ ಇಲ್ಲಿ ಖಾಯಂ ವಾಸ ಮಾಡಿರಬೇಕು, ಜೊತೆಗೆ ಹಿಂದಿನ ಊರಿಗೆ ಮರಳುವ ಇರಾದೆ ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಬರೆದುಕೊಡಬೇಕು. ತಂದೆ ಇಲ್ಲೇ ಹುಟ್ಟಿದವರು, ಅವರಿಗೆ ತೊಂದರೆಯಿರಲಿಲ್ಲ. ಆದರೆ ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಮಾಸ್ತರರು ಸೋಲಾಪುರ ಕಡೆಯವರು. "ಬರೆದುಕೊಟ್ಟ ದಿವಸ ಅಂವ ಊಟ ಮಾಡ್ಲಿಲ್ಲ. ಅವ್ವ ಇನ್ನಾ ಊರಾಗ ಇದ್ಲು," ಎಂದು ತಂದೆ ಹೇಳುತ್ತಿದ್ದರು. ಈಗ ನಮ್ಮ ಭಾಗದ ಮಕ್ಕಳು ಕಾಲೇಜಿಗೆ, ನೌಕರಿಗೆ 371ಜೆ ಸರ್ಟಿಫಿಕೇಟು ಮಾಡಿಸಲು ತಹಶೀಲ್ ಕಚೇರಿಗೆ ಓಡಾಡುವುದನ್ನು ನೋಡಿದಾಗಲೂ ನನಗೆ ಆ ಮುಲ್ಕಿ ಕಾಗದ ನೆನಪಾಗುತ್ತದೆ.

ಮರಳುವ ಇರಾದೆ ಎಂಬ ಆ ಮಾತು ನನ್ನ ಬಾಳಿಗೆ ಬಂದದ್ದು ಕೆಲವು ವರ್ಷದ ಹಿಂದೆ. ಆ ಸಲ ನಾನು ನವೆಂಬರಿನಲ್ಲಿ ಊರಿಗೆ ಬಂದಿದ್ದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ತಿಂದು, ತೊಗರಿ ರಾಶಿ ಮುಗಿಸಿ, ಏಪ್ರಿಲಿನಲ್ಲಿ ಹೊರಡುವುದೆಂದು ಟಿಕೆಟ್ ಆಗಿತ್ತು. ಮಾರ್ಚಿನಲ್ಲಿ ಮನೆಯವರು ಬಾವಿ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಕಲಬುರಗಿಯಲ್ಲಿ ಆಪರೇಷನ್. ಆಮೇಲೆ ಮಲಗಿದವರನ್ನು ಎಬ್ಬಿಸಿ ಕೂರಿಸಲು, ಎರಡು ಹೆಜ್ಜೆ ನಡೆಸಲು ನಾನೇ ಬೇಕು. ಏಪ್ರಿಲ್ ಹೋಯಿತು, ಮೇ ಹೋಯಿತು. ಮಗ ಪ್ರತಿ ರಾತ್ರಿ ಫೋನಿನಲ್ಲಿ ಅಪ್ಪನ ಕಾಲು ಕೇಳಿದ ಮೇಲೆ ತಿಂಗಳು ಎಣಿಸುತ್ತಿದ್ದ.

ಎಣಿಕೆ ಹೀಗಿದೆ. ಆರು ತಿಂಗಳೊಳಗೆ ಮರಳಿದರೆ ಸಾಮಾನ್ಯವಾಗಿ ಹೆಚ್ಚು ಮಾತಿಲ್ಲ. ಆರು ತಿಂಗಳು ದಾಟಿದರೆ ಬಾಗಿಲಲ್ಲಿ ಪ್ರಶ್ನೆ ಕೇಳುತ್ತಾರೆ. ಮುಂದೆ ನಾಗರಿಕತ್ವಕ್ಕೆ ಅರ್ಜಿ ಹಾಕುವವರ ವಾಸದ ಲೆಕ್ಕವೂ ಅಲ್ಲಿಗೆ ಕಡಿಯಬಹುದು. ಒಂದು ವರ್ಷ ತುಂಬಿಬಿಟ್ಟರೆ ಬರೀ ಕಾರ್ಡು ತೋರಿಸಿ ಒಳಗೆ ಹೋಗುವ ಹಾಗಿಲ್ಲ. ಹಾಗಂತ ಆರು ತಿಂಗಳಿಗೊಮ್ಮೆ ಹೋಗಿ ಹದಿನೈದು ದಿನ ಇದ್ದು ಬಂದರೆ ಸಾಕು ಎಂದು ನಂಬಿದವರೂ ಇದ್ದಾರೆ. ಅದೂ ನಡೆಯುವುದಿಲ್ಲ. ಅವರು ನೋಡುವುದು ನಿನ್ನ ವಾಸ ನಿಜವಾಗಿ ಎಲ್ಲಿದೆ ಎಂದು.

ನಾನು ಹೊರಟದ್ದು ಜೂನ್ ಕೊನೆಗೆ, ಏಳೂವರೆ ತಿಂಗಳಾದ ಮೇಲೆ. ಕೈಚೀಲದಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಪಾಸ್‌ಪೋರ್ಟು, ಕಾರ್ಡು ಬಿಟ್ಟು ಇನ್ನೂ ಇದ್ದವು. ಮನೆಯವರ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ತಾರೀಖು ಇರುವ ಎಕ್ಸ್‌ರೇ, ಮೊದಲು ಮಾಡಿಸಿದ್ದ ಏಪ್ರಿಲಿನ ಟಿಕೆಟು, ಅಲ್ಲಿನ ಬ್ಯಾಂಕಿನ ಪತ್ರ, ನನ್ನ ಹೆಸರಿನ ಇಲಿನಾಯ್ ರಾಜ್ಯದ ಗುರುತಿನ ಚೀಟಿ, ಅಲ್ಲಿ ಪ್ರತಿ ವರ್ಷ ಸಲ್ಲಿಸಿದ ತೆರಿಗೆ ಲೆಕ್ಕದ ಪ್ರತಿ. ತೆರಿಗೆ ಎಂದಕೂಡಲೇ ನನ್ನಂಥ ಪೆನ್ಷನ್‌ದಾರರು ಕಿವಿ ನೆಟ್ಟಗೆ ಮಾಡಬೇಕು. ಗ್ರೀನ್ ಕಾರ್ಡು ಇದ್ದವರು ಇಲ್ಲಿನ ಪೆನ್ಷನ್ನು, ಬಡ್ಡಿಯನ್ನೂ ಅಲ್ಲಿನ ಲೆಕ್ಕದಲ್ಲಿ ತೋರಿಸಬೇಕು. ನಾನು ಅಲ್ಲಿನ ನಿವಾಸಿಯಲ್ಲ ಎಂದು ತೆರಿಗೆಯವರಿಗೆ ಬರೆದುಕೊಟ್ಟು, ವಿಮಾನ ನಿಲ್ದಾಣದಲ್ಲಿ ನಿವಾಸಿ ಎಂದರೆ ಎರಡು ನಾಲಿಗೆ ಆಗುತ್ತದೆ.

ನಾನು ಹೋದ ದಾರಿ ಅಬುಧಾಬಿ ಮೇಲಿನದು. ಮಕ್ಕಳಿಗೆ ಇದೊಂದು ಸೋಜಿಗ. ಅಮೆರಿಕದ ವಲಸೆ ಅಧಿಕಾರಿಗಳು 2014ರಿಂದ ಅಬುಧಾಬಿಯಲ್ಲೇ ಕೂತಿದ್ದಾರೆ. ಮರಳುಗಾಡಿನಲ್ಲೇ ಅಮೆರಿಕದ ಬಾಗಿಲು! ಅಲ್ಲಿ ಒಪ್ಪಿಗೆಯಾದರೆ ಶಿಕಾಗೋದಲ್ಲಿ ಇಳಿದು ಚಿತ್ತಾಪುರ ಸ್ಟೇಷನ್ನಿನಲ್ಲಿ ಇಳಿದ ಹಾಗೆ ಹೊರಗೆ ನಡೆದುಬಿಡಬಹುದು.

ಕಿಟಕಿಯಲ್ಲಿದ್ದವರು ಮಗನ ವಯಸ್ಸಿನವರು. ಕಾರ್ಡು ನೋಡಿದರು, ಪರದೆ ನೋಡಿದರು. ಎಷ್ಟು ದಿನ ಹೊರಗಿದ್ದಿರಿ? ಯಾಕೆ? ನಾನು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿ ಫೈಲು ಮುಂದಿಟ್ಟೆ. ಅವರು ಡಿಸ್ಚಾರ್ಜ್ ಕಾಗದ ಒಂದನ್ನೇ ತೆಗೆದು ತಾರೀಖು ಓದಿದರು. ಆಮೇಲೆ ಕೇಳಿದರು, "ನಿಮ್ಮ ಮನೆ ಎಲ್ಲಿ?"

ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳಿಗೆ ಇಂಥ ಸಣ್ಣ ಪ್ರಶ್ನೆಗೆ ಗಂಟಲು ಕಟ್ಟಿತು. ಗಂಡ ಗುಂಡಗುರ್ತಿಯಲ್ಲಿ, ಮಗ ಇಲಿನಾಯ್‌ನಲ್ಲಿ. ಇದ್ದದ್ದನ್ನೇ ಹೇಳಿದೆ. "ನಾನು ಮಗನ ಮನೆಯಲ್ಲಿ ಇರುತ್ತೇನೆ. ಗಂಡನ ಎಲುಬು ಮುರಿಯಿತೆಂದು ತಡವಾಯಿತು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ." ಅವರು ಸ್ವಲ್ಪ ಹೊತ್ತು ನೋಡಿದರು. ಮುಂದೆ ಬಹಳ ದಿನ ಊರಲ್ಲಿರುವ ಪ್ರಸಂಗ ಬಂದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಿ ಎಂದರು. ಕಾರ್ಡು ಹಿಂದಕ್ಕೆ ಕೊಟ್ಟು "ವೆಲ್‌ಕಮ್ ಹೋಮ್" ಎಂದರು. ಶಿಕಾಗೋ ಮುಟ್ಟಿ ಊರಿಗೆ ಫೋನ್ ಮಾಡಿದರೆ ಮನೆಯವರ ಮೊದಲ ಮಾತು, "ಮನಿ ಮುಟ್ಟಿದೇನು?"

ಹಿರಿಯರಿಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಗಿಲಲ್ಲಿ ಅನುಮಾನ ಬಂದಾಗ ಕೆಲವೊಮ್ಮೆ ಐ-407 ಎಂಬ ಫಾರ್ಮು ಮುಂದಿಡುತ್ತಾರೆ. ಖಾಯಂ ವಾಸವನ್ನು ನಾನಾಗಿ ಬಿಟ್ಟುಕೊಡುತ್ತೇನೆ ಎನ್ನುವ ಫಾರ್ಮು ಅದು. ಸಹಿ ಮಾಡುವುದು ನಮ್ಮ ಇಷ್ಟ, ಒತ್ತಾಯವಿಲ್ಲ. ಸಹಿ ಮಾಡದಿದ್ದರೆ ವಿಷಯ ವಲಸೆ ನ್ಯಾಯಾಧೀಶರ ಮುಂದೆ ಹೋಗುತ್ತದೆ. ದಣಿದು ಬಂದ ಹೊತ್ತಿನಲ್ಲಿ, ಓದದೆ, ತಿಳಿಯದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದೆಂದು ನಮ್ಮ ಹಳ್ಳಿಯ ಜನಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಹೊಲ ಕಳೆದುಕೊಂಡವರನ್ನು ನಾವು ನೋಡಿದ್ದೇವೆ.

ಆ ಅಧಿಕಾರಿ ಹೇಳಿದ ಪರ್ಮಿಟ್ಟನ್ನು ನಾನು ಆಮೇಲೆ ಮಾಡಿಸಿದೆ. ಅಮೆರಿಕದೊಳಗೆ ಇದ್ದಾಗಲೇ ಐ-131 ಎಂಬ ಅರ್ಜಿ ಹಾಕಬೇಕು. ಊರಿಗೆ ಬಂದ ಮೇಲೆ ಇಲ್ಲಿಂದ ಹಾಕಲು ಬರುವುದಿಲ್ಲ. ಬೆರಳಚ್ಚು ಅಲ್ಲೇ ಕೊಡಬೇಕು. ಸಿಕ್ಕರೆ ಪಾಸ್‌ಪೋರ್ಟಿನಂಥದೇ ಪುಟ್ಟ ಪುಸ್ತಕ. ನನಗೆ ಕೊಟ್ಟದ್ದು ಎರಡು ವರ್ಷದ್ದು. ಅವಧಿ ಮುಗಿದರೆ ಅದನ್ನು ಮುಂದೂಡುವುದಿಲ್ಲ. ಇದ್ದರೂ ಬಾಗಿಲಲ್ಲಿ ಪ್ರಶ್ನೆ ತಪ್ಪುವುದಿಲ್ಲ, ಆದರೆ ಬಹಳ ದಿನ ಹೊರಗಿದ್ದೆ ಎಂಬ ಒಂದೇ ಕಾರಣಕ್ಕೆ ವಾಸ ಬಿಟ್ಟೆ ಎನ್ನುವುದಿಲ್ಲ.

ಆ ಪುಸ್ತಕ ಕೈಗೆ ಬಂದ ಮೇಲೆ ಹೋದ ವರ್ಷ ಜೂನಿನಲ್ಲಿ ಊರಿಗೆ ಹೊರಟೆ. ಈ ಸಲ ಮೊಮ್ಮಗನೂ ಬಂದ. ಅವನಿಗೆ ಹತ್ತು ವರ್ಷ, ಶಾಲೆಗೆ ಬೇಸಿಗೆ ರಜೆ. ಅವನ ಅಪ್ಪ ಅಮ್ಮ ಒಂದು ತಿಂಗಳಾದ ಮೇಲೆ ಬರುವವರಿದ್ದರು. ಅವನು ಅಲ್ಲೇ ಹುಟ್ಟಿದವನಾದ್ದರಿಂದ ಕಾಗದವೆಲ್ಲ ನನ್ನದಕ್ಕೆ ಉಲ್ಟಾ. ಅವನ ಪಾಸ್‌ಪೋರ್ಟು ಅಮೆರಿಕದ್ದು. ಭಾರತಕ್ಕೆ ಬರಲು ಒಸಿಐ ಎಂಬ ಕಾರ್ಡು, ಅಂದರೆ ಸಾಗರೋತ್ತರ ಭಾರತೀಯನೆಂಬ ಚೀಟಿ. ಅದಿದ್ದರೆ ಜೀವಮಾನವಿಡೀ ವೀಸಾ ಬೇಡ, ಆದರೆ ಓಟಿಲ್ಲ, ಹೊಲ ಕೊಳ್ಳುವ ಹಾಗಿಲ್ಲ. ಮಕ್ಕಳ ಪಾಸ್‌ಪೋರ್ಟು ಐದು ವರ್ಷಕ್ಕೇ ಮುಗಿಯುತ್ತದೆ. ಇಪ್ಪತ್ತು ವರ್ಷದವರೆಗೆ ಪ್ರತಿ ಸಲ ಹೊಸ ಪಾಸ್‌ಪೋರ್ಟು ಬಂದಾಗ ಅದರ ಪ್ರತಿಯನ್ನೂ ಹೊಸ ಫೋಟೋವನ್ನೂ ಒಸಿಐ ದಾಖಲೆಗೆ ಸೇರಿಸಬೇಕು. ನಮ್ಮವನು ತನ್ನ ಹಳೆಯ ಫೋಟೋದ ಹಲ್ಲಿಲ್ಲದ ಮುಖ ನೋಡಿ ತಾನೇ ನಕ್ಕ.

ಅಪ್ಪ ಅಮ್ಮ ಇಲ್ಲದೆ ಮಗುವನ್ನು ಕರೆದೊಯ್ಯುವ ಅಜ್ಜ ಅಜ್ಜಿಯರು ಒಂದು ಪತ್ರ ಮರೆಯಬಾರದು. ಈ ಮಗು ಇವರ ಜೊತೆ, ಇಂಥ ದಿನದಿಂದ ಇಂಥ ದಿನದವರೆಗೆ ಹೋಗಲು ನಮ್ಮ ಒಪ್ಪಿಗೆ ಇದೆ ಎಂದು ಇಬ್ಬರೂ ಸಹಿ ಮಾಡಿ ನೋಟರಿ ಮಾಡಿಸಿದ ಪತ್ರ. ಜೊತೆಗೆ ಮಗುವಿನ ಜನನ ಪ್ರಮಾಣಪತ್ರದ ಪ್ರತಿ. ಹೈದರಾಬಾದಿನಲ್ಲಿ ಕಿಟಕಿಯವರು ಹುಡುಗನಿಗೆ, "ಇವರು ಯಾರು?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಅವನು ಗಟ್ಟಿಯಾಗಿ "ಆಯಿ" ಎಂದ. ಅಧಿಕಾರಿಗೆ ಮರಾಠಿ ಬರುತ್ತಿತ್ತೆಂದು ಕಾಣುತ್ತದೆ, ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನನ್ನ ಬಿಳಿ ಕೂದಲು ನೋಡಿದರು, ಹುಡುಗನನ್ನು ನೋಡಿದರು. ನಾನು ಪತ್ರ ಕೊಟ್ಟೆ. ಓದಿ, ನಗುತ್ತಲೇ ಮುದ್ರೆ ಒತ್ತಿದರು.

ಸಣ್ಣ ಪುಟ್ಟ ಸಂಗತಿ ಇನ್ನೂ ಇವೆ. ಔಷಧಿಯನ್ನು ಅದರ ಡಬ್ಬಿಯಲ್ಲೇ, ಡಾಕ್ಟರ ಚೀಟಿಯೊಂದಿಗೆ ಒಯ್ಯಬೇಕು. ಎಲ್ಲ ಕಾಗದಗಳ ಒಂದು ಪ್ರತಿ ಇನ್ನೊಂದು ಚೀಲದಲ್ಲಿ, ಒಂದು ಪ್ರತಿ ಮನೆಯಲ್ಲಿ. ಇಲ್ಲಿದ್ದಾಗ ಗ್ರೀನ್ ಕಾರ್ಡು ಕಳೆದುಹೋದರೆ ಪೊಲೀಸರಿಗೆ ತಿಳಿಸಿ, ಆಮೇಲೆ ಅಮೆರಿಕದ ದೂತಾವಾಸದ ಮೂಲಕ ವಿಮಾನ ಹತ್ತಲು ಅನುಮತಿ ಪಡೆಯಬಹುದು. ಆಗ ಆ ಪ್ರತಿಯೇ ದಿಕ್ಕು. ತಿನ್ನುವ ವಸ್ತು ಏನೇ ಇದ್ದರೂ ಕೇಳಿದಾಗ ಇದೆ ಎಂದೇ ಹೇಳಬೇಕು. ನನ್ನ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ತೆರೆದು ನೋಡಿ ಬಿಟ್ಟಿದ್ದಾರೆ. ಕರಿಬೇವಿನ ಸೊಪ್ಪು ಮಾತ್ರ ಬಿಲ್ಕುಲ್ ನಡೆಯದು. ಆ ಗಿಡದ ಮೇಲೆ ಬರುವ ಹುಳ ಅಲ್ಲಿನ ಕಿತ್ತಳೆ ತೋಟಕ್ಕೆ ರೋಗ ಒಯ್ಯುತ್ತದಂತೆ. ಹೇಳದೆ ಬಚ್ಚಿಟ್ಟರೆ ದಂಡ.

ಈಗ ನನ್ನ ಪರ್ಮಿಟ್ಟಿನಲ್ಲಿ ಕೆಲವೇ ತಿಂಗಳು ಉಳಿದಿವೆ. ಮನೆಯವರ ಕಾಲು ಮೊದಲಿನ ಹಾಗೆ ಆಗಲಿಲ್ಲ. ಮೆಟ್ಟಿಲು ಇಳಿಯಲು ನನ್ನ ಹೆಗಲು ಬೇಕು. ಮೊಮ್ಮಗ ಈಗ ತಾನೇ ಬಸ್ಸು ಹತ್ತಿ ಶಾಲೆಗೆ ಹೋಗುತ್ತಾನೆ, ತಲೆ ತಾನೇ ಬಾಚಿಕೊಳ್ಳುತ್ತಾನೆ. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಇದನ್ನೇ ಮಾತಾಡಿದೆವು. ಹತ್ತು ವರ್ಷದ ಕಾರ್ಡು ಬಿಡುವುದೆಂದರೆ ನನಗೂ ಸುಲಭವಲ್ಲ. ಅಲ್ಲಿನ ಕನ್ನಡ ಕೂಟದ ಮಕ್ಕಳಿಗೆ ನಾನು ಅಕ್ಷರ ಕಲಿಸಿದ್ದೇನೆ, ಅಲ್ಲಿ ನನ್ನದೇ ಒಂದು ಕಿಟಕಿ, ಒಂದು ಕುರ್ಚಿ ಇದೆ.

ನಾನು ಲೆಕ್ಕ ಹಾಕಿಟ್ಟಿರುವುದು ಹೀಗೆ. ಪರ್ಮಿಟ್ ಮುಗಿಯುವ ಮೊದಲು ಹೋಗುತ್ತೇನೆ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳುತ್ತೇನೆ. ಒಂದೆರಡು ತಿಂಗಳು ಮಕ್ಕಳ ಜೊತೆ ಇರುತ್ತೇನೆ. ಬಂದ ಮೇಲೆ ಆ ಐ-407 ಫಾರ್ಮನ್ನು ಯಾರೂ ಮುಂದಿಡದೆ ನಾನೇ ತುಂಬಿ ಕಾರ್ಡಿನ ಜೊತೆ ಕಳಿಸುತ್ತೇನೆ. ಆಮೇಲೆ ಎಲ್ಲರ ಹಾಗೆ ಪ್ರವಾಸಿ ವೀಸಾ ಕೇಳಬಹುದು. ಅದರಲ್ಲಿ ಒಂದು ಸಲ ಹೋದರೆ ಸಾಮಾನ್ಯವಾಗಿ ಆರು ತಿಂಗಳ ತನಕ ಇರಗೊಡುತ್ತಾರೆ. ಮಗ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಿನ್ನ ಕುರ್ಚಿ ಹಂಗೇ ಇರ್ತದವ್ವ" ಎಂದ. ಮೊಮ್ಮಗನಿಗೆ ಬೇರೆಯದೇ ಚಿಂತೆ, ಈ ಸಲ ಬರುವಾಗ ಶೇಂಗಾ ಹಿಂಡಿ ಎರಡು ಡಬ್ಬಿ ತರಬೇಕಂತೆ.

ಟಿಕೆಟ್ ಮಾಡಿಸಿದ್ದೇನೆ. ಮನೆಯವರನ್ನು ನೋಡಿಕೊಳ್ಳಲು ನನ್ನ ತಂಗಿ ಸೇಡಂನಿಂದ ಬರುತ್ತಾಳೆ. ನಿನ್ನೆ ಫೈಲು ತೆಗೆದು ಎಲ್ಲ ಕಾಗದ ಬಿಸಿಲಿಗೆ ಹರಡಿದ್ದೆ, ಮಳೆಗಾಲದ ತೇವಕ್ಕೆ ಅಂಚು ಸ್ವಲ್ಪ ಮೆತ್ತಗಾಗಿತ್ತು.